ಸಣ್ಣಸ್ವಾಮಿಯವರ ನೆಟ್ ತೂಕ

ಕುಶಾಲನಗರದ ಶುಂಠಿ ವ್ಯಾಪಾರಿ ಸಣ್ಣಸ್ವಾಮಿಯವರಿಗೆ ಹೆಸರು ಬಂದದ್ದು ತಾತನಿಂದ. ಮೈ ಬಂದದ್ದು ಯಾರಿಂದ ಎಂಬುದು ಮನೆಯಲ್ಲಿ ಇನ್ನೂ ತೀರ್ಮಾನವಾಗಿಲ್ಲ. ಅವರ ತಂದೆ ಅರಕಲಗೂಡು ಕಡೆಯಿಂದ ಬಂದು ಗದ್ದೆ ಗುತ್ತಿಗೆ ಹಿಡಿದು ಶುಂಠಿ ಬೆಳೆದವರು. ಮಗ ಶುಂಠಿ ಬೆಳೆಯುವುದನ್ನು ಬಿಟ್ಟು ಕೊಳ್ಳುವುದಕ್ಕೆ ನಿಂತರು. ತಾವು ಬೆಳೆಯುವುದನ್ನು ಮಾತ್ರ ಬಿಡಲಿಲ್ಲ.

ಇಷ್ಟು ದೊಡ್ಡ ಆಳು ಒಂದೆಡೆ ಕೂತಿರುತ್ತಾರೆ ಎಂದುಕೊಂಡರೆ ತಪ್ಪು. ಮಂಡಿಯಲ್ಲಿ ಅವರ ಕುರ್ಚಿ ಬಿಸಿಯಾದದ್ದನ್ನು ಯಾರೂ ಕಂಡಿಲ್ಲ. ಕೂರುತ್ತಾರೆ, ಏಳುತ್ತಾರೆ, ಬಾಗಿಲಿಗೆ ಹೋಗಿ ರಸ್ತೆ ನೋಡುತ್ತಾರೆ, ಬಂದು ಮೂಟೆಗೆ ಕೈ ಹಾಕಿ ಒಂದು ಶುಂಠಿ ಮುರಿದು ಮೂಸುತ್ತಾರೆ, ಮತ್ತೆ ಬಾಗಿಲಿಗೆ. ಐವತ್ತೊಂದು ವರ್ಷದ ಈ ಮನುಷ್ಯನಿಗೆ ಕಾಲು ನಿಲ್ಲದ ಕಾಯಿಲೆ ಮೊದಲಿನಿಂದಲೂ ಇದ್ದದ್ದೇ. ಅದು ವಿಪರೀತಕ್ಕೆ ಹೋದದ್ದು ಕಳೆದ ಸಂಕ್ರಾಂತಿಯ ಮಾರನೆಯ ದಿನ.

ಅಂದು ನೆಂಟರೆಲ್ಲ ಸೇರಿ ತೆಪ್ಪದಲ್ಲಿ ಸುತ್ತಲು ಕಾವೇರಿ ದಡಕ್ಕೆ ಹೋಗಿದ್ದರು. ಪ್ರತಿ ವರ್ಷದಂತೆ ತೆಪ್ಪದವನು ಸಣ್ಣಸ್ವಾಮಿಯವರನ್ನು ಮೇಲಿಂದ ಕೆಳಗೆ ನೋಡಿ, "ಸಾರ್, ತಾವು ಇಲ್ಲೇ ಕೂತಿರಿ, ನೆರಳಿದೆ" ಎಂದ. ಪ್ರತಿ ವರ್ಷದಂತೆ ಹೆಂಡತಿ ಮಹಾದೇವಮ್ಮ, "ಹಂಗೇ ಚಪ್ಪಲಿ ನೋಡ್ಕೊಂಡಿರ್ರೀ" ಎಂದು ಹೇಳಿ ಹತ್ತಿದರು. ಒಂಬತ್ತು ಜೊತೆ ಚಪ್ಪಲಿ, ನಾಲ್ಕು ವ್ಯಾನಿಟಿ ಬ್ಯಾಗು. ತೆಪ್ಪ ನದಿಯ ನಡುವೆ ಸುತ್ತುತ್ತಿತ್ತು. ನಗು ಈ ದಡದವರೆಗೂ ಕೇಳುತ್ತಿತ್ತು. ಆಗ ಎಲ್ಲಿಂದಲೋ ಬಂದ ಪ್ರವಾಸಿಯೊಬ್ಬ ತನ್ನ ಬೂಟು ಬಿಚ್ಚಿ ಇವರ ಮುಂದಿಟ್ಟು ಕೇಳಿದ: "ಅಂಕಲ್, ಒಂದು ಜೊತೆಗೆ ಎಷ್ಟು?"

ಅಷ್ಟೇ ನಡೆದದ್ದು. ಆದರೆ ಸಣ್ಣಸ್ವಾಮಿಯವರು ಅಂದಿನಿಂದ ಊಟ ಸೇರದವರಂತಾದರು. (ಸೇರಲಿಲ್ಲ ಎಂದೇನಲ್ಲ, ಸೇರದವರಂತೆ ಉಂಡರು.) ಮುಂದಿನ ಸಲ ಎಲ್ಲರೂ ದಡದಲ್ಲಿರಬೇಕು, ತಾನು ನೀರಿನ ಮೇಲಿರಬೇಕು. ಅದೂ ಕೂತಲ್ಲ, ನಿಂತು.

ಮೊಬೈಲಿನಲ್ಲಿ ಹುಡುಕಿದಾಗ ಸಿಕ್ಕಿದ್ದು ಪ್ಯಾಡಲ್‌ಬೋರ್ಡು. ಉದ್ದ ಹಲಗೆಯ ಮೇಲೆ ನಿಂತು ಹುಟ್ಟು ಹಾಕುತ್ತಾ ಹೋಗುವುದು. ಅಷ್ಟಕ್ಕೆ ಅವರಿಗೆ ಸಾಕಾಗಲಿಲ್ಲ. ಸಮುದ್ರದಲ್ಲಿ ಅದರ ಮೇಲೆಯೇ ಅಲೆ ಸವಾರಿ ಮಾಡಬಹುದು, ನಡುವೆ ಕಂಬ ನೆಟ್ಟು ಪಟ ಕಟ್ಟಿದರೆ ಗಾಳಿಯಲ್ಲೂ ಓಡಿಸಬಹುದು ಎಂದು ಗೊತ್ತಾದ ಮೇಲೆ, ಸಮುದ್ರವೇ ಇಲ್ಲದ ಕೊಡಗಿನಲ್ಲಿ ಕೂತು ಅವರು ಅಲೆಗೂ ಗಾಳಿಗೂ ಒಂದೇ ಬೋರ್ಡು ಬೇಕೆಂದು ಹಟ ಹಿಡಿದರು. ಮೂರು ತಿಂಗಳು ಮಂಡಿಯಲ್ಲಿ ಯಾರು ಸಿಕ್ಕಿದರೂ ಅದೇ ಮಾತು. ಶುಂಠಿ ತಂದ ರೈತ ಕೈಯಲ್ಲಿ ಚೀಟಿ ಹಿಡಿದು ನಿಂತಿದ್ದರೆ ಇವರು, "ಮೂವತ್ತೆರಡು ಇಂಚು ಅಗಲ ಸಾಕಾಗುತ್ತಾ? ನಿನಗೇನನ್ಸುತ್ತೆ?" ಎನ್ನುವರು. ರೈತ ಹಾಸಿಗೆಯ ವಿಷಯವೆಂದುಕೊಂಡು, "ಇಬ್ಬರಿಗೆ ಇಕ್ಕಟ್ಟಾಯ್ತದೆ ಸಾಮಿ" ಎನ್ನುವನು.

ಕೊನೆಗೆ ಮಂಗಳೂರಿನಾಚೆ ಕಡಲ ದಂಡೆಯಲ್ಲಿ ಬೋರ್ಡು ಮಾರುವ, ಕಲಿಸುವ ನಿರಂಜನ್ ಎಂಬವರ ನಂಬರು ಸಿಕ್ಕಿತು.

"ಸರ್, ನಿಮ್ಮ ತೂಕ ಎಷ್ಟುಂಟು?" ನಿರಂಜನ್ ಮೊದಲು ಕೇಳಿದ್ದೇ ಅದು.

"ಅದ್ಯಾಕೆ? ಬೋರ್ಡು ಎಷ್ಟು ಲೀಟರ್ ಅಂತ ಹೇಳಿ. ಲೀಟರ್ ಅಂದ್ರೆ ನೀರು ಎಲ್ಲಿ ತುಂಬಿಸ್ತಾರೆ?"

"ತುಂಬಿಸುವುದಲ್ಲ ಸರ್, ತೇಲಿಸುವುದು. ಒಂದು ಲೀಟರು ಒಂದು ಕೆಜಿಯನ್ನು ತೇಲಿಸ್ತದೆ ಅಂತ ಇಟ್ಕೊಳ್ಳಿ. ನಿಂತುಕೊಳ್ಳಲಿಕ್ಕೆ ನಿಮ್ಮ ತೂಕದ ಎರಡರಷ್ಟು ಲೀಟರ್ ಇದ್ರೆ ಧೈರ್ಯ. ಅಲೆಯಲ್ಲಿ ತಿರುಗಿಸಬೇಕು ಅಂತಾದ್ರೆ ಸ್ವಲ್ಪ ಕಡಿಮೆ ಇರಬೇಕು. ಅದಕ್ಕೇ ತೂಕ ಸರಿಯಾಗಿ ಗೊತ್ತಾಗ್ಬೇಕು."

"ನೂರಾ ಹತ್ತು."

"ಪಕ್ಕಾ?"

"ಪಕ್ಕಾ ನೆಟ್ ತೂಕ. ನನ್ನ ಸ್ವಂತ ಮಂಡಿಯ ಕಾಟಾದಲ್ಲಿ ತೂಗಿರೋದು."

ಹಾಗಾದರೆ ಇನ್ನೂರು ಲೀಟರಿನದ್ದು ಹೇಗೋ ನಡೆಯುತ್ತದೆ, ಅಲೆಗೂ ಆಗುತ್ತದೆ, ಪಟಕ್ಕೂ ಆಗುತ್ತದೆ ಎಂದು ನಿರಂಜನ್ ಒಪ್ಪಿದರು. ಬೋರ್ಡನ್ನು ತಾವೇ ತಂದು ನೀರಿನಲ್ಲಿ ತೋರಿಸುವುದು, ಒಗ್ಗಿದರೆ ಮಾತ್ರ ಕೊಡುವುದು ಎಂದಾಯಿತು.

ನೀರು ಕೊಟ್ಟವರು ಪೂವಯ್ಯ. ಶ್ರೀಮಂಗಲದ ಬಳಿಯ ಕಾಫಿ ಬೆಳೆಗಾರರು, ಮಿಲಿಟರಿಯಿಂದ ನಿವೃತ್ತರಾಗಿ ಬಂದವರು. ಗದ್ದೆಯಲ್ಲಿ ಶುಂಠಿ ಬೆಳೆದು ಹದಿನೆಂಟು ವರ್ಷದಿಂದ ಸಣ್ಣಸ್ವಾಮಿಯವರಿಗೇ ಕೊಡುತ್ತಿದ್ದಾರೆ. ಹದಿನೆಂಟು ವರ್ಷದಿಂದ ತೂಕದ ಜಗಳವನ್ನೂ ಆಡುತ್ತಿದ್ದಾರೆ. ಕಾಫಿಗೆ ನೀರು ಹಾಯಿಸಲು ಅವರ ಎಸ್ಟೇಟಿನಲ್ಲಿ ದೊಡ್ಡ ಕೆರೆಯೊಂದಿದೆ.

ಮೇ ತಿಂಗಳ ಕೊನೆಯ ಭಾನುವಾರ. ಮಳೆ ಹಿಡಿಯುವ ಮೊದಲಿನ ಗಾಳಿ ಸಿಲ್ವರ್ ಓಕ್ ಮರಗಳನ್ನು ಅಲುಗಿಸುತ್ತಿತ್ತು. ನಿರಂಜನ್ ಜೀಪಿನ ಮೇಲೆ ಎರಡು ಬೋರ್ಡು ಕಟ್ಟಿಕೊಂಡು ಬಂದಿದ್ದರು: ಒಂದು ಚೂಪು ಮೂತಿಯ, ಬಿಳಿಯ, ನೋಡಲು ಚೆಂದದ ಇನ್ನೂರು ಲೀಟರಿನದ್ದು, ಇನ್ನೊಂದು ಕಲಿಯುವವರನ್ನು ಹತ್ತಿಸುವ, ಹಳದಿಯ, ಬಾಗಿಲಿನಂಥ ಮುನ್ನೂರು ಲೀಟರಿನದ್ದು. ಸಣ್ಣಸ್ವಾಮಿಯವರು ಹಳದಿಯ ಕಡೆ ತಿರುಗಿಯೂ ನೋಡಲಿಲ್ಲ. ಲೈಫ್ ಜಾಕೆಟ್ಟಿನ ಎರಡು ಕಡೆಯ ಬಕಲ್ಲುಗಳು ಒಂದನ್ನೊಂದು ಕಾಣಲಿಲ್ಲವಾದ್ದರಿಂದ ನಡುವೆ ಹಗ್ಗ ಸೇರಿಸಿ ಕಟ್ಟಲಾಯಿತು. ಚಪ್ಪಲಿ ಬಿಚ್ಚಿ ಮಹಾದೇವಮ್ಮನವರ ಮುಂದೆ ಜೋಡಿಸಿಟ್ಟು, ಅದನ್ನೊಮ್ಮೆ ನೋಡಿ, ನೀರಿಗಿಳಿದರು.

ಮಂಡಿಯೂರುವವರೆಗೆ ಎಲ್ಲ ಸರಿಯಿತ್ತು. ಎದ್ದು ನಿಂತೊಡನೆ ಬಿಳಿಯ ಬೋರ್ಡು ಬಾಲ ತಗ್ಗಿಸಿತು, ಮೂತಿ ಎತ್ತಿತು, ಪಕ್ಕಕ್ಕೆ ವಾಲಿತು. ಕೆರೆಯ ನೀರು ದಡಕ್ಕೆ ಬಂದು ಮಹಾದೇವಮ್ಮನವರ ಸೀರೆಯಂಚು ನೆನೆಸಿ ಹೋಯಿತು. ಎರಡನೆಯ ಸಲವೂ ಹಾಗೇ. ಮೂರನೆಯ ಸಲ ಹುಟ್ಟು ಒಂದು ಕಡೆ, ಅವರೊಂದು ಕಡೆ.

"ಸಾಕು ಬನ್ರೀ" ಎಂದರು ಮಹಾದೇವಮ್ಮ. "ಚಪ್ಪಲಿ ಹಾಕ್ಕಂಡು ಮನೆಗೋಗಣ."

ಚಪ್ಪಲಿ ಎಂಬ ಮಾತು ಕೇಳಿದ್ದೇ ಸಣ್ಣಸ್ವಾಮಿಯವರು ಎದೆಮಟ್ಟದ ನೀರಿನಲ್ಲಿ ನಿಂತು ಕೂಗಿದರು: "ಬೋರ್ಡೇ ಸರಿ ಇಲ್ಲ! ಇದು ಇನ್ನೂರು ಲೀಟರ್ ಇಲ್ವೇ ಇಲ್ಲ!"

ನಿರಂಜನ್ ತಲೆ ಕೆರೆದುಕೊಂಡರು. "ಬೋರ್ಡಿನ ಲೆಕ್ಕ ತಪ್ಪುವುದಿಲ್ಲ ಸರ್. ನೂರಾ ಹತ್ತು ಅಂತ ಹೇಳಿದ್ರಿ ಅಲ್ವಾ?"

"ನೂರಾ ಹತ್ತೇ. ನೆಟ್!"

ಅಷ್ಟು ಹೊತ್ತು ಕೊಡೆ ಊರಿ ನಿಂತಿದ್ದ ಪೂವಯ್ಯನವರ ಕಿವಿ ನಿಮಿರಿತು. "ನೆಟ್ಟಾ? ಏನ್ ನೆಟ್ಟು ಸ್ವಾಮಿ?"

"ಅಂದ್ರೆ... ಕಳೆಯೋದು ಕಳೆದು."

"ಏನ್ ಕಳೆದಿದ್ದೀಯ? ಹೇಳು ಮಾರಾಯ, ಕೇಳೋಣ."

ಸಣ್ಣಸ್ವಾಮಿಯವರು ಸುಳ್ಳು ಹೇಳುವವರಲ್ಲ. ಕಾಟಾದಲ್ಲಿ ನೂರಾ ಇಪ್ಪತ್ತೊಂಬತ್ತು ಬಂದಿತ್ತು. ಅದರಲ್ಲಿ ಬಟ್ಟೆ, ಬೆಲ್ಟು, ಕೀಲಿ ಗೊಂಚಲು, ಎರಡು ಮೊಬೈಲು, ಬೆಳಗಿನ ತಿಂಡಿ ಎಂದು ಮೇಲಿನ ಒಂಬತ್ತನ್ನು ಬಿಟ್ಟರು. ಉಳಿದದ್ದು ನೂರಾ ಇಪ್ಪತ್ತು. ಶುಂಠಿಯ ಲೆಕ್ಕದಲ್ಲಿ ಅರವತ್ತು ಕೆಜಿಯ ಸರಿಯಾಗಿ ಎರಡು ಮೂಟೆ. ಮೂಟೆ ಎಂದ ಮೇಲೆ ಕೈ ತಾನೇ ತಾನಾಗಿ ನಡೆದಿತ್ತು: ಒಂದೊಂದಕ್ಕೆ ಮಣ್ಣಿಗೆ ಎರಡು ಕೆಜಿ, ತೇವಕ್ಕೆ ಎರಡು, ಗೋಣಿಗೆ ಒಂದು. ಎರಡು ಮೂಟೆಗೆ ಹತ್ತು.

"ಗೋಣಿಗೆ!" ಪೂವಯ್ಯ ಕೊಡೆಯನ್ನು ನೆಲಕ್ಕೆ ಬಡಿದು ನಕ್ಕರು. "ಹದಿನೆಂಟು ವರ್ಷ ನನ್ನ ಶುಂಠಿಗೆ ಹಾಕಿದ ಕತ್ತರಿ ನಿನಗೇ ಹಾಕ್ಕೊಂಡ್ಯಾ? ನಿನ್ನಲ್ಲಿ ಮಣ್ಣೆಷ್ಟು, ತೇವ ಎಷ್ಟು, ನೀನೇ ನೋಡಿಟ್ಟಿದ್ದೀಯಲ್ಲ!"

"ಅಭ್ಯಾಸ ಪೂವಯ್ಯನವರೇ..."

"ನೀರು ಏನೂ ಕಳೆಯೋದಿಲ್ಲ ಸ್ವಾಮಿ. ಅದು ನಿನ್ನ ಮಂಡಿ ಅಲ್ಲ. ಬಾ ಇಲ್ಲಿ!"

ಕೆರೆಯ ಪಕ್ಕದ ಶೆಡ್ಡಿನಲ್ಲಿ, ಕೊಯ್ಲಿನ ಕಾಲದಲ್ಲಿ ಕಾಫಿ ಹಣ್ಣು ತೂಗುವ ಯಂತ್ರವಿತ್ತು. ಒದ್ದೆ ಬಟ್ಟೆಯ ಸಣ್ಣಸ್ವಾಮಿಯವರನ್ನು ಅದರ ಮೇಲೆ ನಿಲ್ಲಿಸಿದರು. ನೂರಾ ಮೂವತ್ತೊಂದು. ಅವರ ತುಟಿ ಅಲುಗಿತು. "ನೀರಿಗೆ ಎರಡು" ಎಂದೇನೋ ಶುರುವಾಯಿತು. ಪೂವಯ್ಯ ಕೊಡೆ ಎತ್ತಿದರು.

"ಎಷ್ಟು?" ದಡದಿಂದ ಮಹಾದೇವಮ್ಮ ಕೂಗಿದರು.

ಸಣ್ಣಸ್ವಾಮಿಯವರು ಇಳಿದರು, ಹತ್ತಿದರು, ಮತ್ತೆ ಇಳಿದರು. ಬಾಗಿಲ ತನಕ ಹೋಗಿ ಬಂದರು. ಕೆರೆಯನ್ನು ನೋಡಿದರು, ಚಪ್ಪಲಿಯ ಪಕ್ಕ ಕೂತ ಹೆಂಡತಿಯನ್ನು ನೋಡಿದರು.

"ನೂರಾ ಮೂವತ್ತೊಂದು!" ಎಂದು ಕೂಗಿದರು, ಇಡೀ ಎಸ್ಟೇಟಿಗೆ ಕೇಳುವಂತೆ. "ಏನೂ ಕಳೀದೆ!"

ನಿರಂಜನ್ ಹಳದಿಯದನ್ನು ಇಳಿಸಿದರು. "ಮೂವತ್ತನಾಲ್ಕು ಇಂಚು ಅಗಲ ಉಂಟು. ಪಟ ಕಟ್ಟಿದರೆ ಜಗ್ಗುವುದಿಲ್ಲ. ಅಲೆಯಲ್ಲಿ ಮಾತ್ರ ಬಸ್ಸು ತಿರುಗಿದ ಹಾಗೆ ತಿರುಗ್ತದೆ, ನಿಧಾನ. ಆದೀತಾ?"

"ಬಸ್ಸೇ ಸರಿ" ಎಂದರು ಸಣ್ಣಸ್ವಾಮಿ. "ಅಲೆ ಬೇಕಾದ್ರೆ ಕಾಯಲಿ."

ಮಂಡಿಯೂರಿದರು. ಒಂದು ಕಾಲೆತ್ತಿದರು. ಪಾದ ಅಗಲಿಸಿ, ಕಣ್ಣು ಎದುರು ದಡದ ಮೇಲಿಟ್ಟು, ಎದ್ದರು. ಹಳದಿ ಬಾಗಿಲು ಒಮ್ಮೆ ನಿಟ್ಟುಸಿರು ಬಿಟ್ಟಂತೆ ತಗ್ಗಿ ಅಲ್ಲೇ ನಿಂತಿತು. ನೀರು ಕಾಲ್ಬೆರಳ ತನಕವೂ ಏರಲಿಲ್ಲ.

ಆಗ ಗಾಳಿ ಬೀಸಿತು. ಪಟ ಇನ್ನೂ ಜೀಪಿನಲ್ಲೇ ಇತ್ತು. ಅದರ ಅಗತ್ಯವೂ ಬೀಳಲಿಲ್ಲ. ಗಾಳಿಗೆ ಸಣ್ಣಸ್ವಾಮಿಯವರ ಬೆನ್ನೇ ಸಾಕಾಯಿತು. ಹುಟ್ಟನ್ನು ಮರೆತು, ಬಾಯಿ ತೆರೆದು, ಅವರು ಕೆರೆಯ ಆ ತುದಿಗೆ ನೇರ ಹೋಗತೊಡಗಿದರು. "ತಿರುಗಿಸಿ ಸರ್, ತಿರುಗಿಸಿ!" ಎಂದು ನಿರಂಜನ್ ಕೂಗುತ್ತಿದ್ದರು. "ನನ್ನ ಮೆಣಸಿನ ಬಳ್ಳಿ ಹುಷಾರು!" ಎಂದು ಪೂವಯ್ಯ. ಬೋರ್ಡು ಆಚೆ ದಡದ ಹುಲ್ಲಿಗೆ ಮೂತಿಯಿಟ್ಟು ನಿಂತಿತು. ಅವರು ಬೀಳದೆ ಇಳಿದರು.

ಕೆರೆ ಸುತ್ತಿ ನಡೆದು ಬರಬೇಕೆಂದರೆ ದಾರಿಯುದ್ದಕ್ಕೂ ಕಾಫಿ ಗಿಡ ಸವರಿ ಎಸೆದ ಕಡ್ಡಿಗಳು, ಮುಳ್ಳು. ಕಾಲು ಬರಿದು.

"ಏನ್ರೀ, ಚಪ್ಪಲಿ ತರ್ಲಾ?" ಮಹಾದೇವಮ್ಮ ಎದ್ದು ನಿಂತು ಕೂಗಿದರು.

"ಬೇಡ!" ಆ ದಡದಿಂದ ಬಂತು ಉತ್ತರ. ಬೋರ್ಡಿನ ಮೂತಿ ಆಗಲೇ ಇತ್ತ ತಿರುಗುತ್ತಿತ್ತು, ಬಸ್ಸಿನ ಹಾಗೆ, ನಿಧಾನವಾಗಿ. "ಅಲ್ಲೇ ನೋಡ್ಕೊಂಡಿರು!"