ಷರಾ ಅಂಕಣದಲ್ಲಿ ಬರೆದ ಹೆಸರು

ಹೋದ ವಾರ ಕತಾರಿನ ಅಲ್ ವಕ್ರಾದ ನಮ್ಮ ಕಟ್ಟಡದ ಲಿಫ್ಟಿನಲ್ಲಿ ಯಾರೋ ಒಬ್ಬರು ಸೈಕಲ್ಲನ್ನು ಹಿಂದಿನ ಚಕ್ರದ ಮೇಲೆ ನೆಟ್ಟಗೆ ನಿಲ್ಲಿಸಿಕೊಂಡು ನನ್ನ ಪಕ್ಕ ನಿಂತರು. ಆಗಷ್ಟೇ ಚೈನಿಗೆ ಎಣ್ಣೆ ಬಿಟ್ಟಿದ್ದರೆಂದು ಕಾಣುತ್ತದೆ. ಸೀಮೆಎಣ್ಣೆಯಂತೆ, ಆದರೆ ಅಷ್ಟು ಘಾಟಿಲ್ಲದ ಆ ವಾಸನೆ ಲಿಫ್ಟನ್ನೆಲ್ಲ ತುಂಬಿತ್ತು. ನಾಲ್ಕನೇ ಮಹಡಿಯಲ್ಲಿ ಇಳಿಯಬೇಕಾಗಿದ್ದ ನಾನು ಇಳಿಯುವುದನ್ನೇ ಮರೆತೆ. ಎಷ್ಟೋ ದಿನಗಳ ಮೇಲೆ ಕಾಕ ನೆನಪಾದರು...

ಕಾಕ ನಮ್ಮ ಕಟ್ಟಡದಿಂದ ಎರಡು ಬೀದಿ ಆಚೆಗಿನ ಸೈಕಲ್ ಅಂಗಡಿಯಲ್ಲಿ ಮೆಕ್ಯಾನಿಕ್ ಆಗಿದ್ದರು. ಉಳ್ಳಾಲದ ಕಡೆಯವರು. ಐವತ್ತು ದಾಟಿದ ವಯಸ್ಸು, ಸಣಕಲು ದೇಹ, ಎಷ್ಟು ತೊಳೆದರೂ ಉಗುರಿನ ಸಂದಿಯಿಂದ ಹೋಗದ ಕಪ್ಪು. ಗಲ್ಫಿಗೆ ಬಂದು ಇಪ್ಪತ್ತು ವರ್ಷಗಳ ಮೇಲಾಗಿತ್ತು. ಊರ ಕಡೆಯವರೆಲ್ಲ ಅವರನ್ನು ಕಾಕ ಎಂದೇ ಕರೆಯುತ್ತಿದ್ದರು, ನಾನೂ ಹಾಗೆಯೇ ಕರೆದೆ. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಒಮ್ಮೆ ಬರೆದದ್ದೇ ಸಾಕಾಗಿದೆ.

ಲುಸೈಲ್‌ನ ಕಾಂಟ್ರ್ಯಾಕ್ಟಿಂಗ್ ಕಂಪನಿಯೊಂದರ ಖರೀದಿ ವಿಭಾಗದಲ್ಲಿ ನನ್ನ ಕೆಲಸ. ಪೈಪಾಗಲಿ, ಕೇಬಲ್ಲಾಗಲಿ, ಮೂರು ಕಡೆಯಿಂದ ಕೊಟೇಶನ್ ತರಿಸಿ, ಅಕ್ಕಪಕ್ಕ ಇಟ್ಟು ಹೋಲಿಸಿ, ಯಾವುದು ವಾಸಿ ಎಂದು ಶೀಟು ಮಾಡಿಕೊಡುವುದು. ಸಕ್ಕರೆ ಕಾಯಿಲೆ ಬಂತೆಂದು ಡಾಕ್ಟರು ಎಚ್ಚರಿಸಿದ ಮೇಲೆ, ಶುಕ್ರವಾರ ಬೆಳಗ್ಗೆ ಸೈಕಲ್ ತುಳಿಯುವ ನಮ್ಮ ಕರಾವಳಿಯವರ ಗುಂಪೊಂದಕ್ಕೆ ಸೇರಿಕೊಂಡೆ. ಅಲ್ಲಿ ತುಳಿದದ್ದಕ್ಕಿಂತ ಮಾತಾಡಿದ್ದೇ ಹೆಚ್ಚು. ಮಾತೆಲ್ಲ ಗ್ರೂಪ್‌ಸೆಟ್ಟಿನದು. ಗೇರು, ಬ್ರೇಕು, ಚೈನು, ಪೆಡಲಿನ ತೋಳು, ಹಿಂದಿನ ಹಲ್ಲುಚಕ್ರ ಎಲ್ಲ ಸೇರಿ ಒಂದು ಸೆಟ್ಟು. ಒಂದೇ ಕಂಪನಿಯ ಸೆಟ್ಟಿನಲ್ಲೂ ಕೆಳಗಿನದು, ನಡುವಿನದು, ಮೇಲಿನದು ಎಂದು ಅಂತಸ್ತುಗಳಿದ್ದವು. ಯಾರ ಸೈಕಲ್ಲಿಗೆ ಯಾವುದಿದೆ ಎಂಬುದರ ಮೇಲೆ ಗುಂಪಿನಲ್ಲೂ ಅಂತಸ್ತುಗಳಾಗುತ್ತಿದ್ದವು.

ನನ್ನ ಸೈಕಲ್ಲಿಗೂ ಹೊಸ ಸೆಟ್ಟು ಹಾಕಿಸಬೇಕಿತ್ತು. ಆಫೀಸಿನ ಚಾಳಿ ಬಿಡುತ್ತದೆಯೇ? ಶೀಟೊಂದನ್ನು ಮಾಡಲು ಕುಳಿತೆ. ಮೂರು ಸೆಟ್ಟು, ತೂಕ, ಬೆಲೆ, ಗುಣಮಟ್ಟ. ತೂಕವೂ ಬೆಲೆಯೂ ನೆಟ್ಟಿನಲ್ಲೇ ಸಿಕ್ಕವು. ಗುಣಮಟ್ಟದ ಅಂಕಣ ಮಾತ್ರ ಖಾಲಿ ಉಳಿಯಿತು. ಅದನ್ನು ತುಂಬಿಸಲು ಕಾಕನ ಬಳಿ ಹೋದೆ.

ಮಧ್ಯಾಹ್ನದ ಹೊತ್ತು, ಅಂಗಡಿಯಲ್ಲಿ ಬೇರೆ ಯಾರೂ ಇರಲಿಲ್ಲ. ನಾನು ಕೇಳಿದ್ದೇ ತಡ, ಕಾಕ ಒಳಗಿನಿಂದ ಎರಡು ಪೆಟ್ಟಿಗೆ ತಂದು, ನಡುವಿನ ಸೆಟ್ಟನ್ನು ಒಂದು ಚೀಲಕ್ಕೂ ಮೇಲಿನದನ್ನು ಇನ್ನೊಂದಕ್ಕೂ ಹಾಕಿ, ಕಣ್ಣು ಮುಚ್ಚಿಸಿ ನನ್ನ ಎರಡು ಕೈಗೆ ಕೊಟ್ಟರು. ಯಾವುದು ಹಗುರ ಎಂದು ಕೇಳಿದರು. ಬಹಳ ಯೋಚಿಸಿ ಎಡಗೈಯದು ಎಂದೆ. ತಪ್ಪಾಗಿತ್ತು. ಆಮೇಲೆ, ಊರಿಗೆ ಹೋಗುವಾಗಲೆಲ್ಲ ಲಗೇಜು ತೂಗುತ್ತಿದ್ದ ಕೊಕ್ಕೆ ತಕ್ಕಡಿಗೆ ಎರಡನ್ನೂ ತೂಗುಹಾಕಿದರು. ವ್ಯತ್ಯಾಸ ಒಂದು ಸಣ್ಣ ನೀರಿನ ಬಾಟಲಿಯಷ್ಟು. ಬೆಲೆ ಮಾತ್ರ ಮೂರು ಪಟ್ಟು.

ಗುಣಮಟ್ಟದ ವಿಷಯವನ್ನು ಅವರು ವಿವರಿಸಿದ್ದು ಕಳಚಿಟ್ಟಿದ್ದ ಹಳೆಯ ಹಲ್ಲುಚಕ್ರಗಳನ್ನು ತೋರಿಸುತ್ತ. ಮೇಲಿನ ಸೆಟ್ಟಿನಲ್ಲಿ ತೂಕ ಇಳಿಸಲೆಂದು ಮೆತ್ತಗಿನ ಲೋಹ ಹಾಕಿರುತ್ತಾರಂತೆ, ಅದರ ಹಲ್ಲು ಬೇಗ ಸವೆಯುತ್ತದಂತೆ. ನಡುವಿನದು ಉಕ್ಕಿನದು, ತಾಳುತ್ತದೆ. ಪಂದ್ಯಕ್ಕೆ ಹೋಗುವವರಿಗೆ ಮೇಲಿನದು ಸರಿ, ಇಲ್ಲಿನ ಧೂಳಿನಲ್ಲಿ ವಾರಕ್ಕೊಮ್ಮೆ ತುಳಿಯುವವರಿಗೆ ಯಾಕೆ ಎಂದು ಕೇಳಿದರು.

"ಮರಳಿಗೆ ಯಾವುದು ದುಬಾರಿ ಅಂತ ಗೊತ್ತಾಗುದಿಲ್ಲ ಸಾರ್. ಎಲ್ಲವನ್ನೂ ತಿಂತದೆ. ನಿಮಗೆ ನಡುವಿನದು ಸಾಕು."

ಆ ಮಾತು ನನಗೆ ಎಷ್ಟು ಹಿಡಿಸಿತೆಂದರೆ ಮನೆಗೆ ಬಂದು ಇದ್ದ ಹಾಗೆಯೇ ಶೀಟಿನಲ್ಲಿ ಬರೆದೆ. ಆಫೀಸಿನಲ್ಲಿ ಯಾವ ಅಭಿಪ್ರಾಯಕ್ಕೂ ಮೂಲ ತೋರಿಸಬೇಕು, ಇಲ್ಲವಾದರೆ ಶೀಟು ವಾಪಸು ಬರುತ್ತದೆ. ಹಾಗಾಗಿ ಷರಾ ಅಂಕಣದಲ್ಲಿ ಕಾಕನ ಹೆಸರನ್ನೂ ಅಂಗಡಿಯ ಹೆಸರನ್ನೂ ಬರೆದು ವಾಟ್ಸಾಪಿನಲ್ಲಿ ಗುಂಪಿಗೆ ಕಳಿಸಿದೆ. ಎಲ್ಲರೂ ಹೊಗಳಿದರು. ಮೂರು ಸೆಟ್ಟುಗಳನ್ನು ಇಷ್ಟು ಚೆನ್ನಾಗಿ ಹೋಲಿಸಿದವರನ್ನೇ ಕಂಡಿಲ್ಲವೆಂದರು. ನನಗೆ ಹೆಮ್ಮೆಯಾಯಿತು ಎಂದು ಒಪ್ಪಿಕೊಳ್ಳಬೇಕು.

ಶೀಟು ಆ ಗುಂಪಿನಿಂದ ಈ ಗುಂಪಿಗೆ ಹೋಯಿತು. ಮೇಲಿನ ಸೆಟ್ಟಿಗೆ ಆರ್ಡರು ಕೊಟ್ಟಿದ್ದ ಕೆಲವರು ಬೇಡವೆಂದರು. ಕಾಕನ ಅಂಗಡಿಯಲ್ಲೇ, ಅದೇ ಅಂಗಡಿಯ ಮೆಕ್ಯಾನಿಕ್ಕನ ಮಾತು ತೋರಿಸಿ.

ಕಾಕ ನಮ್ಮ ಮನೆಗೆ ಬಂದದ್ದು ಅದೊಂದೇ ಸಲ. ನನ್ನ ಹೆಂಡತಿ ಚಾ ಕೊಟ್ಟಳು. ಸೋಫಾದ ತುದಿಯಲ್ಲಿ ಕೂತು ಅರ್ಧ ಕುಡಿದು ಲೋಟ ಕೆಳಗಿಟ್ಟರು. ಬೈಯುತ್ತಾರೆ ಎಂದುಕೊಂಡೆ. ಬೈಯಲಿಲ್ಲ.

"ಅಂಗಡಿ ಮಾಲೀಕರು ನಿಮಗೆ ಫೋನ್ ಮಾಡ್ತಾರಂತೆ. ಅದು ನೀವೇ ಬರ್ದದ್ದು, ನನ್ನ ಹೆಸರು ಸುಮ್ಮನೆ ಹಾಕಿದ್ದು ಅಂತ ಒಂದು ಮಾತು ಹೇಳಿ ಸಾರ್. ಮತ್ತೆಂತ ಬೇಡ."

ಖಂಡಿತ ಹೇಳುತ್ತೇನೆ ಎಂದೆ. ಅವರ ಎದುರಿಗೇ ಶೀಟನ್ನು ಗುಂಪಿನಿಂದ ಅಳಿಸಿದೆ. ಅದರಿಂದ ಏನೂ ಆಗುವುದಿಲ್ಲವೆಂದು ಇಬ್ಬರಿಗೂ ಗೊತ್ತಿತ್ತು.

ಫೋನು ಬಂತು. ಎರಡು ದಿನ ಬಿಟ್ಟು, ಬೆಳಗ್ಗೆ ಹನ್ನೊಂದರ ಸುಮಾರಿಗೆ. ನಾವೊಂದು ಟೆಂಡರಿನ ಕೊನೆಯ ವಾರದಲ್ಲಿದ್ದೆವು. ಯಾರ ನಂಬರೆಂದು ನನಗೆ ತಿಳಿಯಿತು. ಆಗ ನನಗೆ ಎಂಥ ದಣಿವಿತ್ತೋ... ಒಂದು ಸೈಕಲ್ಲಿನ ವಿಷಯಕ್ಕೆ ಇಷ್ಟು ರಗಳೆಯೇ ಅನ್ನಿಸಿತು. ಫೋನನ್ನು ಮೇಜಿನ ಮೇಲೆ ಮಗುಚಿ ಹಾಕಿದೆ. ಸಂಜೆ ಇನ್ನೊಮ್ಮೆ ಬಂತು, ಮರುದಿನ ಮತ್ತೊಮ್ಮೆ. ಟೆಂಡರು ಮುಗಿಯಲಿ, ಸಮಾಧಾನದಿಂದ ಮಾತಾಡೋಣ ಎಂದುಕೊಂಡೆ. ಮರೆತೆ ಎಂದು ಹೇಳುವಂತಿಲ್ಲ. ಮರೆತಿರಲಿಲ್ಲ.

ಟೆಂಡರು ಮುಗಿಸಿ ನಾನಾಗಿಯೇ ಫೋನು ಮಾಡಿದಾಗ ಮಾಲೀಕರು ನನ್ನ ಮಾತನ್ನು ಪೂರ್ತಿ ಕೇಳಲೂ ಇಲ್ಲ. ಖಲಾಸ್, ಬೇರೆ ಆಳು ಬರುತ್ತಿದ್ದಾನೆ ಎಂದರು. ಕಾಕನ ವೀಸಾ ಆ ತಿಂಗಳಿಗೆ ಮುಗಿಯುವುದಿತ್ತು, ಹೊಸದು ಮಾಡುವುದಿಲ್ಲ ಎಂದುಬಿಟ್ಟಿದ್ದರು.

ಕಾಕ ಹೊರಡುವ ಮೊದಲು ಅಂಗಡಿಗೆ ಹೋದೆ. ಸ್ಪ್ಯಾನರುಗಳನ್ನು ಒಂದೊಂದಾಗಿ ಒರೆಸಿ ಗೋಡೆಗೆ ನೇತುಹಾಕುತ್ತಿದ್ದರು. ನನ್ನನ್ನು ನೋಡಿ, ನಿಮ್ಮದೊಂದು ಕೆಲಸ ಬಾಕಿ ಉಂಟಲ್ಲ, ಸೈಕಲ್ ತನ್ನಿ ಎಂದರು. ತಂದೆ. ನಾನು ಕೊಂಡಿದ್ದ ನಡುವಿನ ಸೆಟ್ಟನ್ನು ಮೂರು ಗಂಟೆ ಕೂತು ಹಾಕಿಕೊಟ್ಟರು. ಒಂದೊಂದು ಗೇರನ್ನೂ ಕಿವಿಗೊಟ್ಟು ಕೇಳಿದರು. ನಾನು ಸ್ಟೂಲಿನ ಮೇಲೆ ಕೂತು, ತಪ್ಪಾಯಿತು ಕಾಕ, ಹೆಸರು ಹಾಕಬಾರದಿತ್ತು ಎಂದೆ.

"ನೀವು ಸುಳ್ಳೇನು ಬರಿಲಿಲ್ಲ ಅಲ್ವಾ? ನಾನು ಹೇಳಿದ್ದೇ." ಸ್ಕ್ರೂ ಒಂದನ್ನು ಬಿಗಿಯುತ್ತ ಕೇಳಿದರು, "ಮಾಲೀಕರ ಫೋನ್ ಬಂದಿತ್ತಾ ಸಾರ್?"

"ಮೀಟಿಂಗಲ್ಲಿದ್ದೆ ಕಾಕ," ಎಂದೆ.

ಅವರು ತಲೆ ಎತ್ತಲಿಲ್ಲ. "ಹಾಂ... ನಿಮಗೂ ಕೆಲಸ ಉಂಟಲ್ಲ," ಎಂದು ಪೆಡಲನ್ನು ಇನ್ನೊಂದು ಸುತ್ತು ತಿರುಗಿಸಿದರು.

ಎರಡು ವರ್ಷ ಅವರಿಗೆ ಫೋನು ಮಾಡಲಿಲ್ಲ. ಮಾಡಿದರೆ ಏನು ಹೇಳಬೇಕೆಂದು ಗೊತ್ತಿರಲಿಲ್ಲ. ಮೂರನೇ ವರ್ಷದ ರಜೆಯಲ್ಲಿ ವಿಳಾಸ ಹುಡುಕಿಕೊಂಡು ಹೋದೆ. ಹೆಂಚಿನ ಸಣ್ಣ ಮನೆ. ಬಾಗಿಲಿಗೆ ಬಂದವರು ಅವರ ಹೆಂಡತಿ. ಹೋದ ರಂಜಾನಿಗೆ ಮೊದಲೇ ಎದೆನೋವು ಬಂದು ತೀರಿಕೊಂಡರೆಂದು ತಿಳಿಸಿದರು. ಊರಿಗೆ ಬಂದ ಮೇಲೆ ಮನೆಯ ಮುಂದೆಯೇ ಪಂಕ್ಚರ್ ಹಾಕುತ್ತಿದ್ದರಂತೆ. ಗೇರಿನ ಸೈಕಲ್ಲು ಬಂದ ದಿನ ಊಟಕ್ಕೆ ಕರೆದರೂ ಏಳುತ್ತಿರಲಿಲ್ಲವಂತೆ.

"ನೀವು ಅವರ ದೋಸ್ತಿಯಾ? ಕತಾರಲ್ಲಿ ಒಟ್ಟಿಗೆ ಇದ್ದದ್ದಾ?" ಎಂದು ಕೇಳಿದರು.

ಹೌದು ಎನ್ನಲು ಬಾಯಿ ಬರಲಿಲ್ಲ. "ಗಿರಾಕಿ," ಎಂದೆ.

ಕಾಕ ತಮ್ಮ ಕೆಲಸ ಹೋದದ್ದು ಹೇಗೆಂದು ಮನೆಯಲ್ಲಿ ಹೇಳಿರಲಿಲ್ಲ. ಸಾಕಾಯಿತು, ಬಿಟ್ಟು ಬಂದೆ ಎಂದಿದ್ದರಂತೆ. ಆ ತಾಯಿ ನನ್ನನ್ನು ಕೂರಿಸಿ ಶರಬತ್ತು ಕೊಟ್ಟರು. ಕುಡಿದು ಬಂದೆ.

ಈಗ ಆ ಅಂಗಡಿ ಇಲ್ಲ. ನನ್ನ ಸೈಕಲ್ಲಿನ ಹಲ್ಲುಚಕ್ರವೂ ಕೊನೆಗೆ ಸವೆಯಿತು; ಮೊನ್ನೆ ಬೇರೊಂದು ಅಂಗಡಿಗೆ ಒಯ್ದೆ. ಅಲ್ಲಿನ ಮೆಕ್ಯಾನಿಕ್ ಒಳ್ಳೆಯವನೇ. ಮೇಲಿನ ಸೆಟ್ಟು ತೋರಿಸಿದ, ಬಹಳ ಹಗುರ ಎಂದ, ನನ್ನ ಮುಖ ನೋಡುತ್ತ ಕಾದ. ಯಾರಾದರೂ ಬೇಡವೆನ್ನಬಹುದೇನೋ ಎಂಬಂತೆ ನಾನೂ ಕೊಂಚ ಹೊತ್ತು ಕಾದೆ. ಆಮೇಲೆ, ಆಯಿತು, ಅದನ್ನೇ ಹಾಕು ಎಂದು ಹೇಳಿ ಹೊರಗೆ ಬಂದೆ.