ಈರುಳ್ಳಿ ಸಿಪ್ಪೆಯ ದ್ರಾಕ್ಷಾರಸ

ಒಣದ್ರಾಕ್ಷಿ ನೀರಿನಲ್ಲಿ ನೆನೆದರೆ ಒಂದು ವಾಸನೆ ಬರುತ್ತದೆ, ನಿಮಗೆ ಗೊತ್ತಿರಬೇಕು. ಪೂರ್ತಿ ಸಿಹಿಯಲ್ಲ, ಪೂರ್ತಿ ಹುಳಿಯೂ ಅಲ್ಲ. ನಿಮಗೆ ಅದು ಪಾಯಸದ ವಾಸನೆ ಇರಬಹುದು. ನನಗೆ ಅಲ್ಲ. ಈಗ ನನ್ನ ಒಲೆಯ ಪಕ್ಕದ ಪಾತ್ರೆಯಲ್ಲಿ ನಿನ್ನೆಯಿಂದ ಒಂದು ಕೇಜಿ ಕಪ್ಪು ದ್ರಾಕ್ಷಿ ನೆನೆಯುತ್ತಿದೆ. ನಾನು ಹೊಸ್ತಿಲ ಮೇಲೆ ಕೂತಿದ್ದೇನೆ. ಒಂದೇ ಕೋಣೆಯ ಮನೆಯಲ್ಲಿ ಅದಕ್ಕಿಂತ ದೂರ ಹೋಗಿ ಕೂರಲು ಜಾಗವಿಲ್ಲ.

ದ್ರಾಕ್ಷಿ ತಂದುಕೊಟ್ಟವರು ಹೊಸ ಅಯ್ಯನವರು. ಅಯ್ಯನವರು ಅಂದರೆ ನಮ್ಮ ಪಾದ್ರಿ. ಇರುವುದು ತರೀಕೆರೆಯಲ್ಲಿ. ತಿಂಗಳಿಗೊಂದು ಭಾನುವಾರ ಅಜ್ಜಂಪುರಕ್ಕೆ ಬಂದು, ಇಲ್ಲಿರುವ ಹತ್ತು ಹನ್ನೆರಡು ಮನೆಯವರಿಗೆ ಆರಾಧನೆ ನಡೆಸಿ, ಪ್ರಭುಭೋಜನ ಕೊಟ್ಟು ಹೋಗುತ್ತಾರೆ. ಒಂದು ಚೂರು ರೊಟ್ಟಿ, ಒಂದು ಗುಟುಕು ದ್ರಾಕ್ಷಾರಸ. ಎಲ್ಲರೂ ಮುಂದೆ ಹೋಗಿ ಮೊಣಕಾಲೂರಿ ಒಂದೇ ಬಟ್ಟಲಿಂದ ಕುಡಿಯುವುದು ನಮ್ಮ ಪದ್ಧತಿ.

“ಅಜ್ಜಿ, ಈ ಭಾನುವಾರದ ರಸ ನೀವೇ ಮಾಡ್ಬೇಕು. ತರೀಕೆರೇಲಿ ಮಾಡೋರು ಯಾರೂ ಉಳಿದಿಲ್ಲ.”

“ನಾನಾ? ನಾನ್ಯಾರು ಅಂತ ಗೊತ್ತೇನಪ್ಪಾ ನಿಂಗೆ?”

“ಗೊತ್ತಲ್ಲ. ಹಿಂದಿನ ಬೆಂಚಲ್ಲಿ ಕೂರೋ ಅಜ್ಜಿ.”

ಹಾಗಂದು ಬೈಕು ಹತ್ತಿ ಹೋದರು. ಒಳ್ಳೆಯ ಹುಡುಗ. ಏನೂ ಗೊತ್ತಿಲ್ಲ.

ನಾನು ಕುಡಿಯುತ್ತಿದ್ದವಳು. ಗಂಡಸರು ಕುಡಿಯುವ ಹಾಗೇ, ದಿನಾ. ನನಗೆ ಮಕ್ಕಳಾಗಲಿಲ್ಲ, ಗಂಡ ಬೇಗ ಸತ್ತ, ಆ ಸಂಕಟಕ್ಕೆ ಕುಡಿದಳು ಪಾಪ ಎಂದು ಕೆಲವರು ಕನಿಕರ ಪಡುತ್ತಾರೆ. ಸುಳ್ಳು. ರುಚಿಗೆ ಕುಡಿದೆ. ನಾನು ಹುಟ್ಟಿದ್ದು ಕೆಮ್ಮಣ್ಣುಗುಂಡಿಯ ಮೇಲೆ, ಅಪ್ಪ ಅದಿರಿನ ಗಣಿಯಲ್ಲಿ ಕೂಲಿಗಿದ್ದಾಗ. ಅಲ್ಲಿಯ ಚಳಿಗೆ ಅವ್ವ ಮಕ್ಕಳಿಗೂ ಒಂದು ಮುಚ್ಚಳ ಸಾರಾಯಿ ಕುಡಿಸುತ್ತಿದ್ದಳು. ಅಪ್ಪನ ಕೆಲಸ ಹೋಯಿತು, ಕೆಳಗಿಳಿದು ಬಂದೆವು, ಚಳಿ ಮೇಲೆಯೇ ಉಳಿಯಿತು. ಮುಚ್ಚಳ ಮಾತ್ರ ನನ್ನ ಜೊತೆ ಬಂತು. ಆಮೇಲೆ ದೊಡ್ಡದಾಗುತ್ತಾ ಹೋಯಿತು.

ಅಜ್ಜಂಪುರದ ಈರುಳ್ಳಿ ಮಂಡಿಯಲ್ಲಿ ಕೆಲಸ. ಸಾಲಾಗಿ ಕೂತು, ಕುಡುಗೋಲು ಕಾಲಡಿಗೆ ಒತ್ತಿಕೊಂಡು, ಈರುಳ್ಳಿಯ ದಂಟು ಬೇರು ಕೊಯ್ದು, ದಪ್ಪದ್ದು, ಸಣ್ಣದು, ಕೊಳೆತದ್ದು ಬೇರೆ ಮಾಡುವುದು. ಕುಡುಕರಿಗೆ ಅದಕ್ಕಿಂತ ಒಳ್ಳೆಯ ಕೆಲಸ ಸಿಕ್ಕುವುದಿಲ್ಲ. ಕಣ್ಣು ಕೆಂಪಗಿದೆಯೇ? ಈರುಳ್ಳಿ. ಮೂಗು ಸುರಿಯುತ್ತಿದೆಯೇ? ಈರುಳ್ಳಿ. ಬಾಯಿ ನಾರುತ್ತಿದೆಯೇ? ಇಡೀ ಊರೇ ನಾರುತ್ತದೆ, ನಿನ್ನ ಬಾಯಿ ಯಾವ ಲೆಕ್ಕ. ನಾಲ್ಕು ಗಂಟೆಗೆ ಕೆಲಸ ಬಿಡುತ್ತಿತ್ತು. ಮಂಡಿಯಿಂದ ಮನೆಗೆ ಬರುವ ದಾರಿಯಲ್ಲೇ ಬ್ರಾಂದಿ ಅಂಗಡಿ. ಬೇರೆ ದಾರಿಯೂ ಇತ್ತು, ಸ್ವಲ್ಪ ಸುತ್ತು. ಇಪ್ಪತ್ತು ವರ್ಷದಲ್ಲಿ ಒಂದು ಸಲವೂ ಆ ಸುತ್ತು ದಾರಿ ನನಗೆ ಕಾಣಿಸಲಿಲ್ಲ.

ಬಿಟ್ಟ ಕಥೆ ಕಡೂರಿನಲ್ಲಿ ಶುರುವಾಯಿತು. ಈಗ ಹದಿನಾಲ್ಕು ವರ್ಷ. ಅಲ್ಲಿ ಮೂರು ದಿನದ ಪ್ರಾರ್ಥನಾ ಕೂಟ ಇತ್ತು. ಮೂರು ದಿನವೂ ಊಟ ಹಾಕುತ್ತಾರೆ ಎಂದು ಹೋಗಿದ್ದೆ. ಮುಚ್ಚುಮರೆ ಯಾಕೆ. ಮೊದಲ ದಿನ ಊಟ ಮಾಡಿದೆ. ಎರಡನೆಯ ದಿನ ಹಾಡುವವರ ನಡುವೆ ಕೂತಿದ್ದಾಗ ಯಾಕೋ ಅಳು ಬಂತು. ಅವತ್ತು ಈರುಳ್ಳಿ ಇರಲಿಲ್ಲ, ನೆವ ಹೇಳುವ ಹಾಗಿರಲಿಲ್ಲ. ಮೂರನೆಯ ದಿನ ಎದ್ದು ನಿಂತು ಸಾಕ್ಷಿ ಹೇಳಿದೆ. “ಸ್ವಾಮಿ ನನ್ನ ಮುಟ್ಟಿದ, ಕುಡಿಯೋ ಆಸೆ ಒಂದೇ ಏಟಿಗೆ ಹೊರಟೋಯ್ತು” ಎಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ನನ್ನ ಬದುಕಿನಲ್ಲಿ ಯಾರಾದರೂ ನನಗೆ ಚಪ್ಪಾಳೆ ತಟ್ಟಿದ್ದು ಅದೊಂದೇ ಸಲ. ಅಳು ಬಂದದ್ದು ನಿಜ. ಆಸೆ ಹೋದದ್ದು ಸುಳ್ಳು. ಹೇಳುವಾಗ ನನಗೂ ನಿಜವೆನಿಸಿತ್ತು.

ಅಲ್ಲಿದ್ದವರಲ್ಲಿ ಚಪ್ಪಾಳೆ ತಟ್ಟದೆ ಕೂತಿದ್ದವರು ಸುಗುಣಮ್ಮ ಟೀಚರ್ ಒಬ್ಬರೇ. ತರೀಕೆರೆಯವರು. ಮದುವೆಯಾಗಿರಲಿಲ್ಲ, ಪೆನ್ಷನ್ ಆಗಿ ಮನೆಯಲ್ಲಿದ್ದರು. ಸೆರಗಿಗೆ ಪಿನ್ನು, ಕೈಯಲ್ಲಿ ಕೊಡೆ, ಮುಖದಲ್ಲಿ ಸಿಟ್ಟು. ಯಾರಿಗೂ ಅವರು ಇಷ್ಟವಿರಲಿಲ್ಲ. ಆದರೆ ಎರಡೂ ಊರಿನ ಪ್ರಭುಭೋಜನಕ್ಕೆ ದ್ರಾಕ್ಷಾರಸ ಮಾಡುತ್ತಿದ್ದವರು ಅವರೇ. ಭರಣಿಯಲ್ಲಿ ದ್ರಾಕ್ಷಿ, ಸಕ್ಕರೆ, ಲವಂಗ, ಹುದುಗು ಹಾಕಿ, ಬಾಯಿಗೆ ಬಟ್ಟೆ ಕಟ್ಟಿ, ಮಂಚದ ಕೆಳಗಿಟ್ಟು ಹುಳಿ ಬರಿಸುತ್ತಿದ್ದರು. ಅವರ ಕೈಯ ವೈನು ಚೆನ್ನಾಗಿರುತ್ತದೆ ಎಂಬುದರ ಬಗ್ಗೆ ಅವರಿಗೆ ಜಂಭವಿತ್ತು. ಅದೊಂದೇ ಜಂಭ.

ಎರಡು ತಿಂಗಳು ನಾನು ಕುಡಿಯಲಿಲ್ಲ. ಮೂರನೆಯ ತಿಂಗಳ ಒಂದು ಶನಿವಾರ ನಮ್ಮ ಸಭೆಯ ಹಿರಿಯರೊಬ್ಬರು ನನ್ನನ್ನು ತರೀಕೆರೆಗೆ ಕಳಿಸಿದರು. ಟೀಚರ ಮನೆಯಿಂದ ದ್ರಾಕ್ಷಾರಸದ ಬಾಟಲಿ ತರುವುದು. ಕುಡಿತದಿಂದ ಬಿಡುಗಡೆಯಾದವಳ ಕೈಯಲ್ಲಿ ಬರಲಿ ಎಂದು ಅವರ ಆಸೆ. ಟೀಚರ್ ನನ್ನ ಮುಖ ನೋಡಿದರು, ಬಾಟಲಿ ನೋಡಿದರು.

“ತಗೊಂಡು ಹೋಗ್ತೀಯಾ?”

“ಯಾಕೆ, ನಂಬಿಕೆ ಇಲ್ವಾ?”

ಟೀಚರ್ ಬಾಟಲಿಯನ್ನು ಟವೆಲಿನಲ್ಲಿ ಸುತ್ತಿ ನನ್ನ ಚೀಲಕ್ಕಿಟ್ಟರು.

ಬಸ್ಸಿನಲ್ಲಿ ಕೊನೆಯ ಸೀಟು. ಚೀಲ ತೊಡೆಯ ಮೇಲೆ. ದಾರಿಯಲ್ಲಿ ರೈಲು ಗೇಟು ಹಾಕಿತ್ತು. ಗಾಡಿ ಬರಲಿಲ್ಲ, ಬರಲಿಲ್ಲ. ಬಿಸಿಲಿಗೆ ಬಾಟಲಿ ಬೆಚ್ಚಗಾಗಿ ವಾಸನೆ ಬಿಡತೊಡಗಿತು. ಬರೀ ಬಿರಡೆ ಮೂಸೋಣ ಎಂದು ತೆಗೆದೆ. ಗೇಟು ತೆಗೆಯುವ ಹೊತ್ತಿಗೆ ಅರ್ಧ ಆಗಿತ್ತು. ಅರ್ಧ ಕುಡಿದ ಮೇಲೆ ಉಳಿದರ್ಧ ಇಟ್ಟುಕೊಂಡು ಯಾರಿಗೆ ಮುಖ ತೋರಿಸುವುದು? ಅಜ್ಜಂಪುರ ಬಂದಾಗ ಟವೆಲಿನಲ್ಲಿ ಬರೀ ಗಾಜು ಉಳಿದಿತ್ತು.

ಭಾನುವಾರ ಬೆಳಿಗ್ಗೆ ಎದ್ದೆ. ಒಂಬತ್ತೂವರೆಗೆ ಆರಾಧನೆ. ಓಡಿಹೋಗಬಹುದಿತ್ತು, ಆದರೆ ಎಲ್ಲಿಗೆ? ಮೂಲೆಯಲ್ಲಿ ಒಲೆ ಹಚ್ಚಲು ಇಟ್ಟಿದ್ದ ಕೆಂಪು ಈರುಳ್ಳಿ ಸಿಪ್ಪೆಯ ಚೀಲ ಕಣ್ಣಿಗೆ ಬಿತ್ತು. ಸಿಪ್ಪೆ ಕುದಿಸಿದರೆ ನೀರು ಹೇಗೆ ಕೆಂಪಾಗುತ್ತದೆ ಅಂತ ಮಂಡಿಯಲ್ಲಿ ದುಡಿದವರಿಗೆ ಹೇಳಿಕೊಡಬೇಕೇ? ಕುದಿಸಿದೆ. ಬೆಲ್ಲ ಹಾಕಿದೆ. ಎರಡು ಲವಂಗ, ಒಂದು ಹೋಳು ನಿಂಬೆಹಣ್ಣು. ಸೋಸಿ ಬಾಟಲಿಗೆ ತುಂಬಿ, ಅದೇ ಟವೆಲಿನಲ್ಲಿ ಸುತ್ತಿ, ತಲೆಗೆ ಸೆರಗು ಹೊದ್ದು ಹೋದೆ.

ಆಗಿನ ಅಯ್ಯನವರು ವಯಸ್ಸಾದವರು. ಬಟ್ಟಲೆತ್ತಿ ಪ್ರಾರ್ಥಿಸಿ ಮೊದಲು ತಾವು ಕುಡಿದರು. ಕಣ್ಣು ಒಂದು ಸಲ ಮಿಟುಕಿತು. ಆಮೇಲೆ ಬಟ್ಟಲನ್ನು ಸಾಲಿಗೆ ಹಿಡಿದರು. ಒಬ್ಬೊಬ್ಬರಾಗಿ ಎಲ್ಲರೂ ಕುಡಿದರು. ಈರುಳ್ಳಿ ಸುಗ್ಗಿ, ಎಲ್ಲರ ಕೈ, ಸೀರೆ, ಕೂದಲು ಎಲ್ಲಾ ಅದೇ ವಾಸನೆ. ತಮ್ಮದೇ ಮೂಗಿನ ತಪ್ಪು ಅಂದುಕೊಂಡಿರಬೇಕು. ನಾನೂ ಹೋಗಿ ಮೊಣಕಾಲೂರಿದೆ. ನಾನೇ ಮಾಡಿದ ಸಿಪ್ಪೆ ನೀರು ನನ್ನ ಬಾಯಿಗೂ ಬಂತು. ತಲೆಯೆತ್ತಿ ನೋಡುತ್ತೇನೆ, ಆ ತುದಿಯಲ್ಲಿ ಸುಗುಣಮ್ಮ ಟೀಚರ್. ಅವತ್ತು ಅಯ್ಯನವರ ಜೊತೆ ಅವರೂ ಬಂದಿದ್ದರು. ಒಂದು ಗುಟುಕು ನುಂಗಿ ನನ್ನನ್ನೇ ನೋಡುತ್ತಿದ್ದರು.

ಹೊರಗೆ ಬಂದಾಗ ಹಿರಿಯರು ಅಂದರು: “ಯಾಕೆ ಟೀಚರೇ, ಈ ಸಲ ವೈನು ಒಂಥರಾ ಇತ್ತಲ್ಲ?”

“ವಯಸ್ಸಾಯ್ತು ನಂಗೆ. ಕೈ ಹಿಡಿತ ತಪ್ತು” ಎಂದರು ಟೀಚರ್. ಅದೊಂದೇ ಜಂಭ ಇತ್ತು ಅಂದೆನಲ್ಲ, ಅದನ್ನು ಅಲ್ಲೇ ಎಲ್ಲರ ಎದುರು ಬಿಟ್ಟುಕೊಟ್ಟರು.

ಮಾರನೆಯ ದಿನ ನಾಲ್ಕು ಗಂಟೆಗೆ ಮಂಡಿಯ ಬಾಗಿಲಲ್ಲಿ ಕೊಡೆ ಹಿಡಿದು ನಿಂತಿದ್ದರು. ಬೈಯುತ್ತಾರೆ ಅಂದುಕೊಂಡೆ.

“ತಪ್ಪು ನಂದು ಕಣೇ. ನೀನು ಕೇಳಿದ್ದಕ್ಕೆ ಬಾಟ್ಲಿ ಕೊಟ್ಟೆ. ನಂಬಿಕೆ ಇಲ್ಲ ಅಂತ ಅನ್ನಿಸ್ಕೊಳ್ಳಕ್ಕೆ ನಾಚ್ಕೆ ಆಯ್ತು. ನಡಿ.”

“ಎಲ್ಲಿಗೆ?”

“ನಿನ್ನ ಮನೆಗೆ. ಬ್ರಾಂದಿ ಅಂಗಡಿ ಸಿಗದಿರೋ ಸುತ್ತು ದಾರೀಲಿ.”

“ದಿನಾ ಬತ್ತೀರಾ?”

“ನಂಗೆ ಮನೇಲಿ ಯಾರಿದಾರೆ?”

ದಿನಾ ಬಂದರು. ತರೀಕೆರೆಯಿಂದ ಬಸ್ಸಿನಲ್ಲಿ, ಇಡೀ ಬೇಸಿಗೆ. ನನ್ನ ಕೈ ನಡುಗಿ ಕುಡುಗೋಲಿಗೆ ಬೆರಳು ಕೊಟ್ಟ ದಿನಗಳು ಅವು. ಪಕ್ಕದ ಮನೆಯ ಜೈನಬಿ ಗಂಜಿ ಕಾಸಿ ತರುತ್ತಿದ್ದಳು. ಟೀಚರ್ ಸ್ಲೇಟು ತಂದು ನನಗೆ ಅಕ್ಷರ ತೀಡಿಸಿದರು, ಅರವತ್ತರ ಹತ್ತಿರದವಳಿಗೆ. ನನ್ನ “ಅ” ಸತ್ತ ಚೇಳಿನ ಹಾಗಿತ್ತು. ಹಾಗಂತ ಅವರೇ ಹೇಳಿದ್ದು. ಆಮೇಲೆ ಪ್ರಾರ್ಥನೆ. ಅವರ ಪ್ರಾರ್ಥನೆಯಲ್ಲಿ ದೊಡ್ಡ ದೊಡ್ಡ ಮಾತುಗಳಿರುತ್ತಿದ್ದವು. ಒಂದು ದಿನ ನೀನೇ ಮಾಡು ಎಂದರು.

“ಸ್ವಾಮಿ, ನಾಕು ಗಂಟೆ ಆಯ್ತು. ನೀನು ಬಾ. ಇಲ್ದಿದ್ರೆ ಅವನು ಬತ್ತಾನೆ.”

“ಅವನು ಯಾರೇ?”

“ಕ್ವಾಟ್ರು ಬಾಟ್ಲಿ.”

ಟೀಚರ್ ನಕ್ಕದ್ದನ್ನು ನಾನು ನೋಡಿದ್ದು ಆವಾಗಲೇ ಮೊದಲು. ಆಮೇಲೆ ಅದೇ ಪ್ರಾರ್ಥನೆ ಆಯಿತು. ಮಳೆ ಶುರುವಾಗಿ ಟೀಚರ್ ವಾರಕ್ಕೊಮ್ಮೆ ಬರುವ ಹಾಗಾದಾಗ, ಅದನ್ನೇ ಗಟ್ಟಿಯಾಗಿ ಹೇಳುತ್ತಾ ಬೇಕಂತಲೇ ಬ್ರಾಂದಿ ಅಂಗಡಿಯ ಮುಂದಿನಿಂದಲೇ ನಡೆದು ಬರತೊಡಗಿದೆ. ಕಟ್ಟೆಯ ಮೇಲಿನ ಹಳೆಯ ಸ್ನೇಹಿತರು ಬಿಡುತ್ತಾರೆಯೇ?

“ಏನಮ್ಮೋ, ಯೇಸುಸ್ವಾಮಿಗೂ ಒಂದು ಕ್ವಾಟ್ರು ಹೇಳ್ಲಾ?”

“ಹೇಳಲೇ. ಅವನು ಬಂದ್ರೆ ನೀನು ಎದ್ದು ಜಾಗ ಕೊಡ್ಬೇಕು, ಕೊಡ್ತೀಯಾ?”

ಒಂದೆರಡು ತಿಂಗಳು ನಕ್ಕರು. ಆಮೇಲೆ ನಾನು ಬಂದರೆ ಆ ಕಡೆ ತಿರುಗಿ ಕೂರುತ್ತಿದ್ದರು. ನಕ್ಕಿದ್ದೇ ವಾಸಿಯಿತ್ತು.

ಪ್ರಾರ್ಥನೆ ಮಾಡಿದ ಕೂಡಲೇ ಆಸೆ ಹೋಗುತ್ತದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಕಡೂರಿನಲ್ಲಿ ನಾನೇ ಹೇಳಿದ್ದೆ. ಪ್ರಾರ್ಥನೆ ಮಾಡಿದರೆ ನಾಲ್ಕು ಗಂಟೆ ಐದು ಗಂಟೆಯಾಗುತ್ತದೆ, ಅಷ್ಟೇ. ಐದಾದರೆ ಅವತ್ತಿಗೆ ಗೆದ್ದ ಹಾಗೆ. ಸ್ವಾಮಿ ನನಗೆ ಕೊಟ್ಟದ್ದು ಆ ಒಂದು ಗಂಟೆ, ದಿನಾ ಹೊಸದಾಗಿ. ಅದಕ್ಕಿಂತ ಹೆಚ್ಚು ಕೇಳಲು ನನಗೆ ಮುಖವಿರಲಿಲ್ಲ.

ಟೀಚರ್ ಆಮೇಲೆ ಭರಣಿ ಇಡಲಿಲ್ಲ. ದ್ರಾಕ್ಷಿ ನೆನೆಸಿ, ಕುದಿಸಿ, ಹಿಂಡಿ, ಹಾಗೇ ಸೋಸಿ ಕೊಡುತ್ತಿದ್ದರು. ಹುದುಗಿಲ್ಲ, ಅಮಲಿಲ್ಲ. ಎರಡೂ ಊರಿನವರು ಗೊಣಗಿದರು. “ನಿಂಗೋಸ್ಕರ ಕಣೇ, ಮುಂದೆ ಬಾ, ಕುಡಿ” ಎಂದು ನನ್ನ ಕಿವಿಯಲ್ಲಿ ಹೇಳಿದರು. ನಾನು ಹೋಗಲಿಲ್ಲ. ಎಲ್ಲರ ಬಾಯಿಗೂ ಸಿಪ್ಪೆ ನೀರು ಹೊಯ್ದವಳು ಯಾವ ಮುಖದಿಂದ ಹೋಗುವುದು? ಅದೂ ಅಲ್ಲದೆ ಹೆದರಿಕೆ. ಬಟ್ಟಲು ಅದೇ ಬಟ್ಟಲು, ವಾಸನೆ ಅದೇ ದ್ರಾಕ್ಷಿಯದು. ಒಂದು ಗುಟುಕು ಒಳಗೆ ಹೋದರೆ ಮಲಗಿರುವುದು ಎದ್ದು ಕೂತರೆ? ಹಿಂದಿನ ಬೆಂಚು ಹಿಡಿದೆ. ಎಲ್ಲರೂ ಎದ್ದು ಮುಂದೆ ಹೋದಾಗ ಅಷ್ಟು ಬೆಂಚಿನಲ್ಲಿ ನಾನೊಬ್ಬಳೇ. ಮುಂದೆ ಸಾಲಾಗಿ ಅಂಗಾಲುಗಳು ಕಾಣುತ್ತವೆ, ಒಡೆದವು, ಮಣ್ಣಾದವು, ಟೀಚರದ್ದು ಮಾತ್ರ ತೊಳೆದದ್ದು. ಯಾವುದೋ ಪಾಪ ಇಟ್ಟುಕೊಂಡಿದ್ದಾಳೆ, ಅದಕ್ಕೇ ತಗೊಳ್ಳಲ್ಲ ಎಂದು ಜನ ಮಾತಾಡಿಕೊಂಡರು. ತಪ್ಪೇನೂ ಆಡಲಿಲ್ಲ.

ಟೀಚರ್ ಹೋದ ವರ್ಷ ತೀರಿಕೊಂಡರು. ಮಣ್ಣಿಗೆ ಹೋಗಿದ್ದೆ. ಹತ್ತು ಹದಿನೈದು ಜನ ಇದ್ದರು. ನಾನು ಅಳಲಿಲ್ಲ. ತರೀಕೆರೆಯಿಂದ ಬಸ್ಸಿನಲ್ಲಿ ಬರುವಾಗ ಅದೇ ಗೇಟು ಹಾಕಿತ್ತು. ಆಗ ಮಾತ್ರ ಸ್ವಲ್ಪ ಕಷ್ಟವಾಯಿತು.

ಈಗ ಕುಡಿಯುವ ಆಸೆಯೂ ಹೆಚ್ಚುಕಡಿಮೆ ಹೋಗಿದೆ. ಒಳ್ಳೆಯದೇ. ಆದರೆ ನಿಮ್ಮ ಹತ್ತಿರ ಒಂದು ಮಾತು ಹೇಳುತ್ತೇನೆ, ಅಯ್ಯನವರಿಗೆ ಹೇಳಬೇಡಿ. ಮೊದಲು ನಾಲ್ಕು ಗಂಟೆಗೆ ಯಾರಾದರೂ ಬರುತ್ತಿದ್ದರು. ಆಸೆ ಬರುತ್ತಿತ್ತು, ಅದನ್ನು ಓಡಿಸಲು ಸ್ವಾಮಿ ಬರುತ್ತಿದ್ದ, ಕೊಡೆ ಹಿಡಿದು ಟೀಚರ್ ಬರುತ್ತಿದ್ದರು. ಈಗ ಬರೀ ನಾಲ್ಕು ಗಂಟೆ ಬರುತ್ತದೆ.

ಇವತ್ತೂ ಬಂತು. ಎದ್ದು ಒಲೆ ಹಚ್ಚಿದೆ. ದ್ರಾಕ್ಷಿ ಕುದಿಸಿ, ಆರಿಸಿ, ಬಟ್ಟೆಯಲ್ಲಿ ಹಿಂಡಿದೆ. ಸಕ್ಕರೆ ಎಷ್ಟು ಅಂತ ಗೊತ್ತಿಲ್ಲ. ರುಚಿ ನೋಡದೆ ಹೇಗೆ ಕೊಡುವುದು? ಒಂದು ಲೋಟದಲ್ಲಿ ಹಾಕಿಕೊಂಡು ಗೋಡೆಯ ಪಕ್ಕ ಹೋಗಿ ಕೂಗಿದೆ.

“ಜೈನಬೀ, ಒಂಚೂರು ಬಾಯಿಗೆ ಹಾಕ್ಕೊಂಡು ನೋಡೇ. ಸಿಹಿ ಸಾಕಾ ಹೇಳು.”

“ಅರೆ, ತಲೆ ಕೆಟ್ಟಿದ್ಯಾ ನಿಂಗೆ? ರೋಜಾ ಇದೀನಿ ನಾನು. ಬೆಳಿಗ್ಗೆಯಿಂದ ಉಗುಳೂ ನುಂಗಿಲ್ಲ, ದ್ರಾಕ್ಷಿ ತೋರಿಸ್ತಾಳೆ!”

“ಮರ್ತೆ ಕಣೇ, ರಂಜಾನ್ ಅಲ್ವಾ.”

“ನೀನೇ ಕುಡಿ. ನಿಂಗ್ಯಾವ ರೋಜಾ?”

ಲೋಟ ಹಿಡಿದುಕೊಂಡು ಒಳಗೆ ಬಂದೆ. ಹದಿನಾಲ್ಕು ವರ್ಷದ ರೋಜಾ ನನ್ನದು, ಅವಳಿಗೇನು ಗೊತ್ತು. “ಸ್ವಾಮಿ, ನಾಕು ಗಂಟೆ ಆಯ್ತು” ಎಂದೆ. ಮುಂದಿನದು ಹೇಳಲಿಲ್ಲ. ಕುಡಿದೆ.

ಏನೂ ಎದ್ದು ಕೂರಲಿಲ್ಲ. ಬರೀ ದ್ರಾಕ್ಷಿ ನೀರು. ಸಿಹಿ ಕಡಿಮೆ. ಟೀಚರದ್ದು ಇದಕ್ಕಿಂತ ಸಿಹಿ ಇರುತ್ತಿತ್ತೋ, ಇಷ್ಟೇ ಇರುತ್ತಿತ್ತೋ? ಹದಿಮೂರು ವರ್ಷ ನನಗೋಸ್ಕರ ಕುದಿಸಿದರು. ಒಂದು ಸಲ ಬಾಯಿಗೆ ಹಾಕಿಕೊಂಡಿದ್ದರೆ ಇವತ್ತು ಗೊತ್ತಿರುತ್ತಿತ್ತು.

ಇನ್ನೂ ಎರಡು ಹಿಡಿ ಸಕ್ಕರೆ ಹಾಕಿದೆ. ಭಾನುವಾರ ಮುಂದಿನ ಸಾಲಿಗೆ ಹೋಗಲೇಬೇಕು. ಮಾಡಿದವಳೇ ಕುಡಿಯದಿದ್ದರೆ, ಅವತ್ತಿನ ರುಚಿ ಮರೆಯದ ಹಳೆಯ ಹಿರಿಯರು ಇನ್ನೂ ಇದ್ದಾರೆ, ಬಟ್ಟಲನ್ನು ಮೂಸಿ ನೋಡುತ್ತಾರೆ.