ಕೊನೆಯ ಗುರುವಾರದ ಲೆಕ್ಕ

ಹಪ್ಪಳದ ಡಬ್ಬಿ ತೊಳೆಯಲು ತೆಗೆದಾಗ ತಳಕ್ಕೆ ಹಾಸಿದ್ದ ಕಾಗದ ಕೈಗೆ ಬಂತು. ಎರಡೂ ಅಂಚಿಗೆ ಸಾಲಾಗಿ ತೂತು, ನಡುವೆ ಚುಕ್ಕಿ ಚುಕ್ಕಿಯಾಗಿ ಅಚ್ಚಾದ ಮಸುಕು ಅಕ್ಷರ. ಮೂಗಿಗೆ ಹಿಡಿದರೆ ಇಂಗಿನ ವಾಸನೆ. ಆದರೂ ನನಗೆ ದಾಂಡೇಲಿಯ ಆ ಮಹಡಿ ಕೋಣೆ, ಕರಕರ ಎನ್ನುವ ಪ್ರಿಂಟರು, ಅದರ ಮುಂದೆ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ನಿಂತ ಅಕ್ಕೋರು ನೆನಪಾದರು…

ನಮ್ಮ ಕಡೆ ಕಲಿಸುವ ಹೆಂಗಸರೆಲ್ಲ ಅಕ್ಕೋರೇ. ಇವರು ಕಂಪ್ಯೂಟರ್ ಕಲಿಸುತ್ತಿದ್ದರು. ಎರಡು ಸಾವಿರದ ಇಸವಿಯ ಆಸುಪಾಸು. ನಾನು ಪಿಯುಸಿ ಮುಗಿಸಿ, ಸೋದರಮಾವನ ಮನೆಯಲ್ಲಿದ್ದುಕೊಂಡು ಕ್ಲಾಸಿಗೆ ಹೋಗುತ್ತಿದ್ದೆ. ಮೂರು ಕಂಪ್ಯೂಟರು, ಹನ್ನೊಂದು ಹುಡುಗಿಯರು. ಕರೆಂಟು ಹೋದರೂ ಪಾಠ ನಿಲ್ಲುತ್ತಿರಲಿಲ್ಲ. ಒಬ್ಬಳನ್ನು ಕಂಪ್ಯೂಟರ್ ಮಾಡಿ ನಿಲ್ಲಿಸಿ, ನಾವು ಬರೆದ ಪ್ರೋಗ್ರಾಮನ್ನು ಅವಳಿಂದ ಸಾಲು ಸಾಲಾಗಿ ಮಾಡಿಸುತ್ತಿದ್ದರು. ನಾವು ಬರೆದದ್ದಕ್ಕಿಂತ ಅವಳು ಒಂದು ಹೆಜ್ಜೆ ಹೆಚ್ಚಿಗೆ ಹಾಕಿದರೆ, "ನಿನ್ನ ಶಾಣ್ಯಾತನ ಯಾರು ಕೇಳ್ಯಾರ? ಹೇಳಿದಷ್ಟ ಮಾಡು" ಎಂದು ಗದರುತ್ತಿದ್ದರು.

ನಮ್ಮ ಹಳ್ಳಿ ಕುಂಬಾರವಾಡದಿಂದ ನಾಲ್ಕು ಮೈಲಿ ಒಳಗೆ. ತಂಗಿಗೆ ಮೂರ್ಛೆ ರೋಗವಿತ್ತು. ದಾಂಡೇಲಿಯ ಡಾಕ್ಟರೊಬ್ಬರು ಪ್ರತಿ ತಿಂಗಳ ಕೊನೆಯ ಗುರುವಾರ ಕುಂಬಾರವಾಡಕ್ಕೆ ಬಂದು ಅವಳನ್ನು ನೋಡಿ, ಹಳೆಯವು ಉಳಿದಿದ್ದರೆ ಅವೂ ಸೇರಿ ದಿನಕ್ಕೊಂದರಂತೆ ಮೂವತ್ತು ಗುಳಿಗೆ ಆಗುವಂತೆ ಕೊಡುತ್ತಿದ್ದರು. ಒಂದು ತಿಂಗಳು ಅವ್ವ ಅವಳನ್ನು ನಡೆಸಿಕೊಂಡು ಹೋದರೆ ಡಾಕ್ಟರು ಬಂದಿರಲಿಲ್ಲ. ಇನ್ನು ಅವರು ಬರುವುದಿಲ್ಲವೇನೋ ಎಂದುಕೊಂಡು ಮರಳಿದಳು. ಗುಳಿಗೆ ಮುಗಿದವು. ತಂಗಿ ಒಲೆಯ ಮುಂದೆಯೇ ಬಿದ್ದು ಅಂಗೈ ಸುಟ್ಟುಕೊಂಡಳು.

ಸುದ್ದಿ ತಿಳಿದು ಊರಿಗೆ ಓಡಿದೆ. ಅವ್ವ ಹೋಗಿ ಬಂದ ಮರುವಾರವೇ ಡಾಕ್ಟರು ಬಂದಿದ್ದರಂತೆ. ದಿನ ತಪ್ಪಿಸಿದಿ ಎಂದು ಅವ್ವನಿಗೆ ಬಾಯಿಗೆ ಬಂದಂತೆ ಬೈದೆ. "ನಾಲ್ಕ ಗುರುವಾರ ಎಣಿಸೇ ಹೋಗಿದ್ದೆ ಯವ್ವಾ" ಎಂದಳು. ನಾನು ನಂಬಲಿಲ್ಲ.

ಕ್ಲಾಸಿಗೆ ಮರಳಿ ಅಕ್ಕೋರ ಮುಂದೆ ಎಲ್ಲ ಹೇಳಿ ಅತ್ತೆ. ಅವರು ಸಮಾಧಾನದ ಮಾತು ಆಡಲಿಲ್ಲ. ಬೋರ್ಡಿನ ಮೇಲೆ ಹೊಸ ಅಭ್ಯಾಸವೊಂದನ್ನು ಬರೆದರು: ತಿಂಗಳ ಎರಡನೇ ಸೋಮವಾರ, ಕೊನೆಯ ಗುರುವಾರ, ಹೀಗೆ ಮಾತಿನಲ್ಲಿ ಹೇಳಿದರೆ ಕಂಪ್ಯೂಟರು ತಾರೀಖು ತೋರಿಸಬೇಕು. ನನ್ನದು ಎಲ್ಲರಿಗಿಂತ ಬೇಗ ಮುಗಿಯಿತು. ಮೊದಲ ಗುರುವಾರ ಹುಡುಕು, ಮೂರು ವಾರ ಕೂಡಿಸು, ಅದೇ ಕೊನೆಯದು.

"ನಿಮ್ಮವ್ವ ಹೋಗಿದ್ದ ತಿಂಗಳ ಹಾಕಿ ನೋಡು" ಎಂದರು ಅಕ್ಕೋರು.

ಹಾಕಿದೆ. ಪರದೆಯ ಮೇಲೆ ಅವ್ವ ಹೋಗಿದ್ದ ತಾರೀಖೇ ಬಂತು. ಆ ತಿಂಗಳಲ್ಲಿ ಐದು ಗುರುವಾರಗಳಿದ್ದವು.

"ಅವ್ವಗ ಬೈದು ಬಂದ್ಯಲ್ಲ… ಈಗ ಇದಕ್ಕೂ ಬೈ."

ಹುಡುಗಿಯರು ನಕ್ಕರು. ಅಕ್ಕೋರು ಪಕ್ಕಕ್ಕೆ ಕುರ್ಚಿ ಎಳೆದುಕೊಂಡರು. "ಕೊನೀದು ಬೇಕಂದ್ರ ಮುಂದಿಂದ ಯಾಕ ಎಣಸ್ತಿ? ತಿಂಗಳ ಕೊನೀ ದಿನಕ್ಕ ಹೋಗಿ ನಿಲ್ಲು. ಅಲ್ಲಿಂದ ಹಿಂದಕ ನಡಕೋತ ಬಾ. ಮೊದಲ ಸಿಗೋ ಗುರುವಾರನ ಕೊನೀದು."

ತಿದ್ದಿದ ಮೇಲೆ ವರ್ಷದ ಹನ್ನೆರಡೂ ತಾರೀಖು ಅಚ್ಚಾದವು. ಅಕ್ಕೋರು ಸುಮ್ಮನೆ ಬಿಡುವವರಲ್ಲ. ಒಂದು ತಾರೀಖಿನಿಂದ ಇನ್ನೊಂದಕ್ಕೆ ಎಷ್ಟು ದಿನ ಎಂದು ಪೆನ್ಸಿಲ್ಲಿನಿಂದ ಬರೆಯುತ್ತ ಹೋದರು. ಇಪ್ಪತ್ತೆಂಟು, ಇಪ್ಪತ್ತೆಂಟು, ಮೂವತ್ತೈದು… ಪೆನ್ಸಿಲ್ಲು ಅಲ್ಲಿ ನಿಂತಿತು.

"ಗುಳಿಗಿ ಎಷ್ಟ ಕೊಡ್ತಾರಂದಿ?"

"ಮೂವತ್ತು ರೀ."

ಅವ್ವ ಸರಿಯಾದ ದಿನಕ್ಕೇ ಹೋಗಿದ್ದರೂ ಆ ತಿಂಗಳು ಐದು ದಿನ ಗುಳಿಗೆ ಇರುತ್ತಿರಲಿಲ್ಲ! ನನಗೂ ಹೊಳೆದಿರಲಿಲ್ಲ, ಡಾಕ್ಟರಿಗೂ ಹೊಳೆದಿರಲಿಲ್ಲ.

ಅಂದು ಸಂಜೆಯೇ ಅಕ್ಕೋರು ಕಾಗದ ಹಿಡಿದು ನನ್ನನ್ನೂ ಕರೆದುಕೊಂಡು ಡಾಕ್ಟರ ಬಳಿಗೆ ಹೋದರು. "ತಿಂಗಳಿಗೆ ಮೂವತ್ತು ಕೊಡ್ತೇನಲ್ರೀ ಅಕ್ಕೋರ" ಎಂದರು ಅವರು.

"ನಿಮ್ಮ ತಿಂಗಳು ಮೂವತ್ತು ದಿನದ್ದ ಇರಬೌದ್ರೀ. ಕುಂಬಾರವಾಡದ್ದು ಒಮ್ಮೊಮ್ಮೆ ಮೂವತ್ತೈದರದ್ದು."

ಡಾಕ್ಟರು ಕಾಗದ ಇಸಿದುಕೊಂಡು ತಾವೇ ಎಣಿಸಿ ನೋಡಿದರು. ಅಲ್ಲಿಂದ ಮುಂದೆ ತಂಗಿಗೆ ಮಾತ್ರವಲ್ಲ, ಅಲ್ಲಿಗೆ ಬರುತ್ತಿದ್ದ ಇಂಥ ರೋಗಿಗಳಿಗೆಲ್ಲ ಮೂವತ್ತೈದು ಗುಳಿಗೆ. ಅವ್ವನಿಗೆ ತಪ್ಪಾಯಿತು ಎಂದೆ. "ಆ ಮಿಶನ್ನೇ ತಪ್ಪತೈತಿ ಅಂದಮ್ಯಾಲ ನಂದೇನ ಬಿಡು" ಎಂದು ನಕ್ಕಳು.

ಮದುವೆಯಾಗಿ ಹಳಿಯಾಳಕ್ಕೆ ಬಂದ ಮೇಲೆ ಅಕ್ಕೋರ ಭೇಟಿ ಅಪರೂಪವಾಯಿತು. ತಂಗಿಗೆ ಮೂರ್ಛೆ ಬರುವುದು ನಿಂತು ಎಷ್ಟೋ ವರ್ಷಗಳಾದವು. ಒಮ್ಮೆ ಅವಳನ್ನು ಅಕ್ಕೋರ ಬಳಿ ಕರೆದೊಯ್ದು ತೋರಿಸಬೇಕು ಎನ್ನುತ್ತಲೇ ಇದ್ದೆ… ಮೊನ್ನೆ ಫೋನ್ ಮಾಡಿದರೆ ಅವರ ತಮ್ಮ ಎತ್ತಿಕೊಂಡರು. ಅಕ್ಕೋರು ಹೋದ ವರ್ಷವೇ ತೀರಿಕೊಂಡರಂತೆ. ಯಾವಾಗ ಎಂದು ಕೇಳಿದೆ. "ತಾರೀಖ ನೆನಪಿಲ್ರೀ. ಶ್ರಾವಣದಾಗ… ಎರಡನೇ ಸೋಮವಾರ, ಮಧ್ಯಾಹ್ನ."

ಹಳೆಯ ಕ್ಯಾಲೆಂಡರ್ ತೆಗೆದು ತಾರೀಖು ಹುಡುಕಿದೆ. ಆ ಸೋಮವಾರ ನಾನೂ ತಂಗಿಯೂ ಉಳವಿಗೆ ಹೋಗಿದ್ದೆವು. ಮುಂಜಾನೆ ದಾಂಡೇಲಿ ಸ್ಟ್ಯಾಂಡಿನಲ್ಲಿ ಬಸ್ಸು ಸಾಕಷ್ಟು ಹೊತ್ತು ನಿಂತಿತ್ತು. "ಇಳದು ಅಕ್ಕೋರನ್ನ ಮಾತಾಡ್ಸಿ ಬರೂಣೇನ?" ಎಂದಿದ್ದಳು ತಂಗಿ.

ತಿರುಗಿ ಬರುವಾಗ ಹೋಗೂಣು ಎಂದಿದ್ದೆ ನಾನು.